ಸೀಟಿಗೆ ಒಬ್ಬರೇ ಕೂಡೋಣ, ಹಗಲಿನಲ್ಲೇ ಹೊರಡೋಣ

ಹೊನವಾಡದ ಹಾಗೂ ತಿಕೋಟಾ, ಬಬಲೇಶ್ವರ ಸೀಮೆಯ ಬಂಧುಗಳೇ,

ಕೈಗೆ ನಾಲ್ಕು ಕಾಸು ಬಂದು, ಶಾಲೆಗೆ ರಜೆಯೂ ಬಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಮಾತು ದೇವರಿಗೆ ಹೋಗಿಬರುವುದು. ಸವದತ್ತಿ ಎಲ್ಲಮ್ಮ, ಬಾದಾಮಿ ಬನಶಂಕರಿ, ಪಂಢರಪುರ, ತುಳಜಾಪುರ, ಗಾಣಗಾಪುರ. ಹರಕೆ ಮುತ್ಯಾನದು, ಜವಳ ಮೊಮ್ಮಗನದು. ಹೀಗೆ ಮೂರು ತಲೆಮಾರು ಒಂದೇ ಗಾಡಿಯಲ್ಲಿ ಕೂತು ಹೊರಡುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. ಅದು ಉಳಿಯಬೇಕು. ಆದರೆ ನಾವು ಹೊರಡುವ ರೀತಿ ಬದಲಾಗಬೇಕು. ಅದಕ್ಕಾಗಿಯೇ ಈ ಮನವಿ.

ಈಗ ನಾವು ಮಾಡುವುದೇನು? ಒಂದು ಕ್ರೂಸರ್ ಮಾತಾಡುತ್ತೇವೆ. ಹತ್ತು–ಹನ್ನೆರಡು ಮಂದಿ ಕೂಡುವ ಗಾಡಿಗೆ ಬೀಗರು, ನೆರೆಹೊರೆಯವರು ಸೇರಿ ಇಪ್ಪತ್ತು ಜನ ಹತ್ತುತ್ತಾರೆ. ಹಗಲು ಕೆಲಸ ಕೆಡಬಾರದೆಂದು ರಾತ್ರಿ ಊಟ ಮುಗಿಸಿ ಹೊರಡುತ್ತೇವೆ. ನಸುಕಿನಲ್ಲಿ ದರ್ಶನ, ದಿನವಿಡೀ ತಿರುಗಾಟ, ಮತ್ತೆ ರಾತ್ರಿಯೇ ವಾಪಸ್. ಕೂಸು ತಾಯಿಯ ತೊಡೆಯ ಮೇಲೆ, ಅದೂ ಮುಂದಿನ ಸೀಟಿನಲ್ಲಿ. ಆಯಿ ಹಿಂದಿನ ಅಡ್ಡ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು. ಇವರೆಲ್ಲರ ಜೀವ ಸ್ಟೇರಿಂಗ್ ಹಿಡಿದ ಒಬ್ಬ ಹುಡುಗನ ಕೈಯಲ್ಲಿ. ಅವನೂ ನಮ್ಮೊಂದಿಗೇ ಪಾಳಿ ಹಚ್ಚಿ ದರ್ಶನ ಮಾಡಿದವನು, ನಮ್ಮಷ್ಟೇ ನಿದ್ದೆಗೆಟ್ಟವನು.

80 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕನ ಕಣ್ಣು ಮೂರೇ ಸೆಕೆಂಡ್ ಮುಚ್ಚಿದರೂ ಗಾಡಿ 66 ಮೀಟರ್ ತಾನೇ ಹೋಗಿರುತ್ತದೆ. ಅಷ್ಟರೊಳಗೆ ಎದುರಿಗೆ ಏನು ಬಂದರೂ ತಪ್ಪಿಸುವವರಿಲ್ಲ. ಅದರಲ್ಲೂ ನಮ್ಮ ಭಾಗದ ರಾತ್ರಿ ರಸ್ತೆ ಹೇಗಿರುತ್ತದೆಂದು ನಿಮಗೆ ಗೊತ್ತು. ಬನದ ಹುಣ್ಣಿಮೆ, ಭರತ ಹುಣ್ಣಿಮೆಯ ಜಾತ್ರೆಗಳು ಬರುವುದೇ ಕಬ್ಬು ನುರಿಸುವ ಹಂಗಾಮಿನಲ್ಲಿ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಇರುಳಿಡೀ ಕಾರ್ಖಾನೆಗಳತ್ತ ಸಾಲುಗಟ್ಟಿರುತ್ತವೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಹೊರಚಾಚಿದ ಕಬ್ಬಿನ ತುದಿ ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕ್ ಒತ್ತಲು ಜಾಗವೇ ಉಳಿದಿರುವುದಿಲ್ಲ.

2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಉರುಳಿ ಒಂದೇ ಕುಟುಂಬದ ಆರು ಜನ ತೀರಿಹೋದರು. ಅವರಲ್ಲಿ ಮಕ್ಕಳೂ ಇದ್ದರು. ಅವರ ಮೂಲ ನಮ್ಮ ಪಕ್ಕದ ಜತ್ತ ತಾಲೂಕಿನ ಮೊರಬಗಿ. ಬೆಂಗಳೂರಿನಿಂದ ಊರ ಕಡೆ ಹೊರಟಿದ್ದರು. ಆ ಸುದ್ದಿ ಕೇಳಿ ನಮ್ಮ ಎಷ್ಟೋ ಮನೆಗಳಲ್ಲಿ ಅವತ್ತು ಊಟ ಸೇರಲಿಲ್ಲ. ಲಾರಿಯೇ ಮೇಲೆ ಬಿದ್ದರೆ ಒಳಗಿದ್ದವರು ಏನು ಮಾಡಿಯಾರು? ರಸ್ತೆಯ ಮೇಲೆ ನಮ್ಮ ಕೈ ಮೀರಿದ್ದು ಇಷ್ಟೆಲ್ಲ ಇರುವಾಗ, ನಮ್ಮ ಕೈಯಲ್ಲಿ ಇರುವುದನ್ನು ಬಿಟ್ಟುಕೊಡಬಾರದು.

ನಮ್ಮ ಕೈಯಲ್ಲಿ ಇರುವುದರಲ್ಲಿ ಮೊದಲನೆಯದು ಸೀಟು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟ್ ಹಾಕಿರಲಿಲ್ಲ. ಆ 16,715 ಜನರಲ್ಲಿ 8,331 ಮಂದಿ ಚಾಲಕರಲ್ಲ, ಸುಮ್ಮನೆ ಕೂತು ಹೊರಟಿದ್ದ ಪ್ರಯಾಣಿಕರು. ಬೆಲ್ಟ್ ಎಂದರೆ ಡ್ರೈವರ್ ಪೊಲೀಸರಿಗೆ ತೋರಿಸಲು ಹಾಕುವುದು ಎಂಬ ತಿಳಿವಳಿಕೆ ಹೋಗಬೇಕು. 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಕರೆದೊಯ್ದರೆ 1,000 ರೂಪಾಯಿ ದಂಡವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೇ ಹೇಳುತ್ತದೆ. ದಂಡದ ಮಾತು ಬಿಡಿ. ಗಾಡಿ ಢಿಕ್ಕಿ ಹೊಡೆದಾಗ ತೊಡೆಯ ಮೇಲಿನ ಕೂಸನ್ನು ಹಿಡಿದುಕೊಳ್ಳುವ ಬಲ ಯಾವ ತಾಯಿಯ ತೋಳಿಗೂ ಇಲ್ಲ. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ. ಇಪ್ಪತ್ತು ಜನರಿದ್ದರೆ ಎರಡು ಗಾಡಿ ಮಾಡಿ. ಇಲ್ಲವೇ ನಾಲ್ಕು ಮನೆಯವರು ಕೂಡಿ ಸಾರಿಗೆ ಸಂಸ್ಥೆಯ ಬಸ್ಸನ್ನೇ ಕರಾರಿನ ಮೇಲೆ ಪಡೆಯಿರಿ. ರಾಜ್ಯದೊಳಗಿನ ಊರಾದರೆ ಸಾಮಾನ್ಯ ಬಸ್ಸೂ ಒಳ್ಳೆಯದೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಆಯಿಗೂ ಸೊಸೆಗೂ ಟಿಕೇಟಿನ ಖರ್ಚಿಲ್ಲ. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ, ಸರಕಿನ ಗಾಡಿಯಲ್ಲಿ ಮಕ್ಕಳು ಮುದುಕರನ್ನು ತುಂಬಿಕೊಂಡು ಜಾತ್ರೆಗೆ ಹೋಗುವುದನ್ನಂತೂ ಇಂದೇ ನಿಲ್ಲಿಸಿ.

ಎರಡನೆಯದು ಹೊತ್ತು. ಬೆಳಕು ಹರಿದ ಮೇಲೆ ಹೊರಡಿ, ದೀಪ ಹಚ್ಚುವ ಹೊತ್ತಿಗೆ ಮನೆಗೋ ತಂಗುವ ಜಾಗಕ್ಕೋ ಮುಟ್ಟಿ. ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಎರಡು ಕಡೆ ನೆಮ್ಮದಿಯಿಂದ ನೋಡಿದರೆ ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ. ಆರು ಕಡೆ ಓಡಿಸಿದರೆ ಅವಕ್ಕೆ ನೆನಪಿರುವುದು ವಾಂತಿಯೊಂದೇ. ಒಂದು ರಾತ್ರಿ ಯಾತ್ರಿ ನಿವಾಸದಲ್ಲಿ ಉಳಿದರೆ ಆಗುವ ಖರ್ಚು ದೊಡ್ಡದಲ್ಲ. ಚಾಲಕನಿಗೂ ಅಲ್ಲೇ ಊಟ, ಹಾಸಿಗೆ ಕೊಡಿಸಿ. ಅದು ನಿಮ್ಮ ಮಕ್ಕಳಿಗಾಗಿಯೇ ಮಾಡಿದ ಖರ್ಚು.

ಮೂರನೆಯದು ಹಿರಿಯರ ಸಂಕೋಚ. ಗಾಡಿಯಲ್ಲಿ ಕೂಡುವ ದಿನ ನಮ್ಮ ಆಯಂದಿರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಯಾಕೆಂದು ಕೇಳಿದರೆ, ‘ನನ್ನ ಸಲುವಾಗಿ ಮತ್ತ ಮತ್ತ ಗಾಡಿ ನಿಲ್ಲಸಬೇಕಾಗತೈತಿ, ಬ್ಯಾಡಪಾ’ ಅನ್ನುತ್ತಾರೆ. ‘ಇನ್ನ ಒಂದ್ ತಾಸ್ ತಡಕೋ ಆಯಿ’ ಎಂದು ನಾವು ಆ ಸಂಕೋಚವನ್ನು ಇನ್ನಷ್ಟು ಗಟ್ಟಿ ಮಾಡುತ್ತೇವೆ. ರಜೆ ಬೀಳುವುದು ಏಪ್ರಿಲ್–ಮೇ ತಿಂಗಳಲ್ಲಿ. ವಿಜಯಪುರದ ಬಿಸಿಲು 40 ಡಿಗ್ರಿ ದಾಟುವ ಕಾಲ. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವ ಮುದಿಜೀವ ಆ ಬಿಸಿಲಿನಲ್ಲಿ ನೀರಿಲ್ಲದೆ ಕೂತರೆ ತಲೆಸುತ್ತಿ ಬೀಳುತ್ತದೆ. ಆದ್ದರಿಂದ ಯಾರೂ ಕೇಳುವ ಮುಂಚೆಯೇ ಎರಡು ತಾಸಿಗೊಮ್ಮೆ ಗಾಡಿ ನಿಲ್ಲಲಿ, ಎಲ್ಲರೂ ಇಳಿದು ನಾಲ್ಕು ಹೆಜ್ಜೆ ನಡೆಯಲಿ. ಶೌಚಾಲಯವಿರುವ ಬಂಕ್, ಬಸ್ ನಿಲ್ದಾಣ ಎಲ್ಲೆಲ್ಲಿವೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯ ಜೊತೆ ನೀರಿನ ಕೊಡ ಮತ್ತು ಓಆರ್‌ಎಸ್ ಪುಡಿ ಇರಲಿ. ಗುಳಿಗೆಯ ಚೀಲ ಮೇಲಿನ ಕ್ಯಾರಿಯರ್‌ಗೆ ಹೋಗದೆ ಕೈಗೆ ಸಿಗುವಲ್ಲಿರಲಿ. ಜಾತ್ರೆಯ ಗದ್ದಲದಲ್ಲಿ ಕೂಸು ತಪ್ಪಿಸಿಕೊಂಡರೆ ಸಿಗುವಂತೆ ಅದರ ಕಿಸೆಯಲ್ಲಿ ಫೋನ್ ನಂಬರಿನ ಚೀಟಿ ಇರಲಿ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಮಲಗಿದ ಮಗುವನ್ನು ಅರೆಗಳಿಗೆಯೂ ಬಿಟ್ಟು ಹೋಗಬೇಡಿ.

ಕಬ್ಬು ಸಾಗಿಸುವ ಅಣ್ಣ ತಮ್ಮಂದಿರಲ್ಲಿಯೂ ಒಂದು ವಿನಂತಿ. ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಕೆಟ್ಟು ನಿಂತರೆ ಗಾಡಿಯನ್ನು ರಸ್ತೆಯ ಮೇಲೆ ಬಿಟ್ಟು ಹೋಗಬೇಡಿ. ಪಟ್ಟಿ ಅಂಟಿಸದ ಗಾಡಿಗೆ ತೂಕವಿಲ್ಲ ಎಂದು ಕಾರ್ಖಾನೆಯವರು ಕಟ್ಟುನಿಟ್ಟು ಮಾಡಬೇಕು. ಹಾದಿಯಲ್ಲಿ ಅಪಘಾತ ಕಂಡವರು ವಿಡಿಯೊ ಮಾಡುತ್ತ ನಿಲ್ಲದೆ 108ಕ್ಕೋ 112ಕ್ಕೋ ಫೋನ್ ಹಚ್ಚಿ. ರಾಷ್ಟ್ರೀಯ ಹೆದ್ದಾರಿಯಾದರೆ 1033. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರನ್ನು ಕೇಸಿಗೆ ಎಳೆಯುವಂತಿಲ್ಲ ಎಂಬ ರಕ್ಷಣೆ ಕಾನೂನಿನಲ್ಲೇ ಇದೆ, ಅಂಜಬೇಡಿ.

ಇದೆಲ್ಲ ಶುರುವಾಗುವುದು ಗಾಡಿ ಮಾತಾಡುವ ದಿನವೇ. ಬಾಡಿಗೆ ಚೌಕಾಸಿ ಮಾಡುವಾಗಲೇ ಚಾಲಕನಿಗೆ ಹೇಳಿ: ಸೀಟಿಗೊಬ್ಬರೇ ಕೂಡುತ್ತೇವೆ, ರಾತ್ರಿ ಹೊಡೆಯುವುದು ಬೇಡ, ಆಯಿ ಹೇಳಿದಲ್ಲಿ ನಿಲ್ಲಿಸಬೇಕು. ಈ ಮೂರಕ್ಕೂ ಒಪ್ಪಿದವನ ಗಾಡಿಯನ್ನೇ ಮಾಡಿ, ಅದಕ್ಕೆ ಐನೂರು ಹೆಚ್ಚಾದರೂ ಕೊಡಿ. ಹೊನವಾಡದಲ್ಲಿ ಹತ್ತು ಮನೆಯವರು ಹೀಗೆ ಕೇಳಲು ಶುರು ಮಾಡಿದರೆ ಮುಂದಿನ ಜಾತ್ರೆಯ ಹೊತ್ತಿಗೆ ಗಾಡಿಯವರೇ ನಮ್ಮನ್ನು ಕೇಳುತ್ತಾರೆ: ‘ಮುಂಜಾನೆ ಎಷ್ಟಕ್ಕ ಬಿಡೂಣ್ರಿ?’