ಗರ್ಭಕೋಶದ ಗೆಡ್ಡೆಯೂ ವಿಮೆಯ ಅರ್ಜಿಯೂ

ಕೊಯಮತ್ತೂರಿನಿಂದ ಪಾಲಕ್ಕಾಡಿಗೆ ಹೋಗುವ ದಾರಿಯಲ್ಲಿ, ಸಿಮೆಂಟು ಕಾರ್ಖಾನೆಯಿಂದ ಹೆಸರಾದ ಮದುಕ್ಕರೈಯ ಕನ್ನಡ ಮಾತಿನ ಮನೆಯೊಂದರಲ್ಲಿ ಕಂಡ ನೋಟವೊಂದು ನನ್ನ ಮನಸ್ಸಿನಿಂದ ಮಾಸಿಲ್ಲ. ಆರೋಗ್ಯವಿಮೆಯ ಅರ್ಜಿಯನ್ನು ಮುಂದಿಟ್ಟುಕೊಂಡಿದ್ದ ಗೃಹಿಣಿಯು, ನಾಲ್ಕು ವರ್ಷಗಳ ಹಿಂದೆ ಗರ್ಭಕೋಶದ ಗೆಡ್ಡೆ ತೆಗೆಸಿದ ಕಾಲದ ಸ್ಕ್ಯಾನ್ ವರದಿಯನ್ನು ಸೀರೆಯಂಗಡಿಯ ಚೀಲದಿಂದ ಜೋಪಾನವಾಗಿ ಹೊರತೆಗೆದಾಗ, ಏಜೆಂಟನು "ಅದನ್ನೆಲ್ಲ ಬರೀಬೇಡಿ ಅಕ್ಕಾ, ಪಾಲಿಸಿ ಸಿಗೋಲ್ಲ" ಎಂದನು. ಆಕೆ ಮರುಮಾತಿಲ್ಲದೆ ವರದಿಯನ್ನು ಚೀಲಕ್ಕೆ ಸೇರಿಸಿದಳು.

ಹಿತೋಕ್ತಿಯಂತೆ ಕೇಳಿಸುವ ಈ ಮಾತು ಅಹಿತಕರವಾದುದು. ಫೈಬ್ರಾಯ್ಡ್ ಎಂಬುದು ಗರ್ಭಕೋಶದ ಸ್ನಾಯುವಿನಿಂದ ಬೆಳೆಯುವ, ಕ್ಯಾನ್ಸರಲ್ಲದ ಗೆಡ್ಡೆ. ಅಸಂಖ್ಯ ಸ್ತ್ರೀಯರಲ್ಲಿ ಅದು ಯಾವ ಬಾಧೆಯನ್ನೂ ಕೊಡದೆ ಇದ್ದುಬಿಡುತ್ತದೆ, ಕೆಲವರಲ್ಲಿ ಮಾತ್ರ ಅತಿಸ್ರಾವದಿಂದ ರಕ್ತಹೀನತೆಯನ್ನು ತರುತ್ತದೆ. 2024ರಿಂದ ಜಾರಿಯಲ್ಲಿರುವ ವಿಮಾ ಪ್ರಾಧಿಕಾರದ ನಿಯಮದಂತೆ, ಪಾಲಿಸಿಗೆ ಹಿಂದಿನ 36 ತಿಂಗಳೊಳಗೆ ಪತ್ತೆಯಾದ ಅಥವಾ ಚಿಕಿತ್ಸೆ ಪಡೆದ ರೋಗವೇ ಪೂರ್ವರೋಗ. ಅದಕ್ಕಾದರೂ ಕಾಯುವ ಅವಧಿ 36 ತಿಂಗಳನ್ನು ಮೀರಕೂಡದು. ಗೆಡ್ಡೆ ಮರಳದಿದ್ದಲ್ಲಿ ಆ ಗೃಹಿಣಿಯದು ಪೂರ್ವರೋಗವೇ ಅಲ್ಲ. ಗರ್ಭಕೋಶದ ಶಸ್ತ್ರಕ್ರಿಯೆಗೆ ಅನೇಕ ಪಾಲಿಸಿಗಳು ವಿಧಿಸುವ ಎರಡು ವರ್ಷಗಳ ಕಾಯುವಿಕೆಯಾದರೋ ರೋಗವಿದ್ದವರಿಗೂ ಇಲ್ಲದವರಿಗೂ ಸಮಾನವಾದುದು. ಆದರೆ ಅರ್ಜಿ ಕೇಳಿದುದನ್ನು ಮುಚ್ಚಿಟ್ಟದ್ದು ಬಯಲಾದರೆ ಕ್ಲೇಮು ತಿರಸ್ಕೃತವಾಗಬಹುದು, ಪಾಲಿಸಿಯೇ ರದ್ದಾಗಬಹುದು. 60 ತಿಂಗಳು ಎಡೆಬಿಡದೆ ನಡೆದ ಪಾಲಿಸಿಗೆ ಕಾನೂನಿತ್ತ ರಕ್ಷಣೆಯೂ ವಂಚನೆ ಸಿದ್ಧವಾದಲ್ಲಿ ಒದಗದು.

ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ತಿಂಗಳಿಗೆ 21,000 ರೂಪಾಯಿಯೊಳಗೆ ದುಡಿಯುವ ನೋಂದಾಯಿತ ಕಾರ್ಮಿಕಳಿಗೆ ಇ.ಎಸ್.ಐ. ಇದೆ, ವರ್ಷಕ್ಕೆ 1,20,000 ರೂಪಾಯಿಯೊಳಗಿನ ಆದಾಯದ ಕುಟುಂಬಕ್ಕೆ ತಮಿಳುನಾಡಿನ ಮುಖ್ಯಮಂತ್ರಿಗಳ ವಿಮಾಯೋಜನೆಯಿದೆ. ಇವೆರಡಕ್ಕೂ ಸಲ್ಲದೆ, ಸಣ್ಣ ಅಂಗಡಿಯನ್ನೋ ಮಗ್ಗವನ್ನೋ ನಂಬಿದವಳು ಖಾಸಗಿ ಕಂಪನಿಯ ಬಾಗಿಲಿಗೇ ಹೋಗಬೇಕು. ಗುಣವಾದ ಗೆಡ್ಡೆಯನ್ನು ಕಳಂಕವೆಂದೆಣಿಸಿ ಆಕೆಯನ್ನು ಹಿಂದಕ್ಕಟ್ಟುವುದು ನ್ಯಾಯವಲ್ಲ; ಸತ್ಯ ಹೇಳಿದವಳಿಗೆ ದಂಡವೆಂಬ ಭೀತಿಯನ್ನು ಹೋಗಲಾಡಿಸುವುದು ಕಂಪನಿಗಳ ಕರ್ತವ್ಯ.

ಆದುದರಿಂದ ಅಕ್ಕತಂಗಿಯರಲ್ಲಿ ನನ್ನ ಬಿನ್ನಹವಿಷ್ಟೆ: ಅರ್ಜಿಯನ್ನು ಪರರಿಂದ ತುಂಬಿಸಿ ಬರಿದೆ ಸಹಿ ಹಾಕಬೇಡಿರಿ, ಕೇಳಿದುದಕ್ಕೆಲ್ಲ ನಿಜವನ್ನೇ ಬರೆದು, ವರದಿ ಲಗತ್ತಿಸಿ, ಒಂದು ಪ್ರತಿಯನ್ನು ಇರಿಸಿಕೊಳ್ಳಿರಿ. ಕಂಪನಿಯು ಕ್ಲೇಮನ್ನು ಅನ್ಯಾಯವಾಗಿ ನಿರಾಕರಿಸಿದರೆ, ಅಲ್ಲಿಗೇ ಮೊದಲು ದೂರಿತ್ತು, ಅದೂ ವ್ಯರ್ಥವಾದರೆ ಒಂದು ವರ್ಷದೊಳಗೆ ಚೆನ್ನೈಯ ವಿಮಾ ಓಂಬುಡ್ಸ್‌ಮನ್ನರಿಗೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.