ಹಡಗು ತೇಲುವ ಪಾಠ, ಹಡಗು ಮುರಿಯುವ ಪಾಠ

ನನ್ನ ಬಳಿ ವಿಜ್ಞಾನ ಓದಿದವರಿಗೆ ಆರ್ಕಿಮಿಡೀಸ್ ತತ್ತ್ವದ ಪಾಠ ನೆನಪಿರಬಹುದು. ಬಕೆಟ್ಟಿನ ನೀರಿನಲ್ಲಿ ಗುಂಡುಸೂಜಿ ಮುಳುಗುತ್ತದೆ, ಸಾವಿರಾರು ಟನ್ ತೂಕದ ಉಕ್ಕಿನ ಹಡಗು ಕಡಲಿನಲ್ಲಿ ತೇಲುತ್ತದೆ, ಏಕೆ? ಹೀಗೆ ಪ್ರಶ್ನೆ ಹಾಕಿ ಆರಂಭಿಸಿದರೆ ಗಂಟೆ ಬಾರಿಸುವಷ್ಟರಲ್ಲಿ ಪಾಠ ಮುಗಿಯುತ್ತಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸರ್, ಹಾಗಾದರೆ ಹಡಗು ಮುಳುಗುವುದೇಕೆ?’ ಎಂದು ಕೇಳಿದ. ‘ತೂತು ಬಿದ್ದರೆ ಮುಳುಗುತ್ತದೆ, ಕುಳಿತುಕೋ’ ಎಂದೆ. ತರಗತಿ ನಕ್ಕಿತು. ನಾನು ಹೇಳಿದ್ದು ಸುಳ್ಳಲ್ಲ, ಆದರೆ ಅದು ಉತ್ತರವೂ ಅಲ್ಲ. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಓದುತ್ತಿದ್ದರೆ, ಇದು ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ.

ನಿವೃತ್ತನಾದ ಮೇಲೆ ಈ ವಿಷಯವನ್ನು ಕುತೂಹಲದಿಂದ ಓದುತ್ತ ಬಂದಿದ್ದೇನೆ. ಓದಿದಷ್ಟೂ ನನಗೆ ದೃಢವಾದ ಅಭಿಪ್ರಾಯ ಒಂದೇ. ಸರಕಿನ ಹಡಗೊಂದು ಮುಳುಗಿದೊಡನೆ ನಾವು ಕಡಲನ್ನು ದೂರುತ್ತೇವೆ, ಇಲ್ಲವೇ ಅದರೊಡನೆ ಮುಳುಗಿದವರನ್ನು ದೂರುತ್ತೇವೆ. ಇಬ್ಬರೂ ಎದುರು ಮಾತನಾಡುವುದಿಲ್ಲವಲ್ಲ! ತಪ್ಪು ಮಾತ್ರ ಬಹಳ ಸಲ ದಡದಲ್ಲಿಯೇ, ಹಡಗು ಹೊರಡುವುದಕ್ಕೆ ಮುಂಚೆಯೇ ನಡೆದುಹೋಗಿರುತ್ತದೆ.

ಮೊದಲು ಮುರಿಯುವ ಬಗೆಯನ್ನು ನೋಡೋಣ. ಉದ್ದನೆಯ ಹಲಗೆಯೊಂದನ್ನು ನಡುವೆ ಒಂದೇ ಇಟ್ಟಿಗೆಯ ಮೇಲಿಟ್ಟರೆ ಅದರ ಎರಡು ತುದಿಗಳೂ ಜೋಲುತ್ತವೆ. ತುದಿಗಳಿಗೆ ಒಂದೊಂದು ಇಟ್ಟಿಗೆ ಕೊಟ್ಟು ನಡುವಿನದನ್ನು ತೆಗೆದರೆ ಹೊಟ್ಟೆ ಜೋಲುತ್ತದೆ. ಹಡಗೂ ಒಂದು ಹಲಗೆಯೇ, ಅಲೆಗಳೇ ಅದರ ಇಟ್ಟಿಗೆಗಳು. ಅಲೆಯ ನೆತ್ತಿ ಹಡಗಿನ ನಡುವಿಗೆ ಬಂದಾಗ ಮೇಲಿನ ಅಟ್ಟಕ್ಕೆ ಎಳೆತ, ತಳಕ್ಕೆ ಒತ್ತಡ; ಇದನ್ನು ನಾವಿಕರು ಹಾಗಿಂಗ್ ಎನ್ನುತ್ತಾರೆ. ನೆತ್ತಿಗಳು ಎರಡು ತುದಿಗಳಿಗೆ ಸರಿದಾಗ ಎಲ್ಲವೂ ತಲೆಕೆಳಗು, ಅದು ಸ್ಯಾಗಿಂಗ್. ಒಂದೊಂದು ಯಾನದಲ್ಲಿಯೂ ಉಕ್ಕು ಹೀಗೆ ಲೆಕ್ಕವಿಲ್ಲದಷ್ಟು ಸಲ ಬಾಗಿ ನೆಟ್ಟಗಾಗುತ್ತದೆ. ಒಂದು ತಂತಿಯನ್ನು ಹಾಗೂ ಹೀಗೂ ಬಗ್ಗಿಸಿ ತುಂಡು ಮಾಡದ ಹುಡುಗರು ಯಾರಿದ್ದಾರೆ? ಇದರ ಜೊತೆಗೆ ಭಾರವನ್ನು ಎಲ್ಲಿ ಎಷ್ಟು ತುಂಬಿದ್ದಾರೆ ಎಂಬುದೂ ಸೇರುತ್ತದೆ. ತುದಿಗಳಲ್ಲಿ ಭಾರ ಹೆಚ್ಚಾಗಿ ನಡುವೆ ಹಗುರಾದರೆ, ಅಲೆ ಏಳುವ ಮೊದಲೇ ಹಡಗಿನ ಬೆನ್ನು ಬಾಗಿರುತ್ತದೆ.

2013ರ ಜೂನ್ 17ರಂದು ನಮ್ಮ ಅರಬ್ಬೀ ಸಮುದ್ರದಲ್ಲಿಯೇ, ಯೆಮನ್ ತೀರದಿಂದ ದೂರದಲ್ಲಿ, ‘ಎಂಒಎಲ್ ಕಂಫರ್ಟ್’ ಎಂಬ ಕಂಟೇನರ್ ಹಡಗು ನಡುವೆ ಮುರಿದು ಎರಡಾಯಿತು. ಉದ್ದ 316 ಮೀಟರ್. ಮುದಿ ಹಡಗಲ್ಲ, 2008ರಲ್ಲಿ ಜಪಾನಿನಲ್ಲಿ ಕಟ್ಟಿದ್ದು. 26 ಮಂದಿ ಸಿಬ್ಬಂದಿ ಬದುಕಿದ್ದು ಪುಣ್ಯ. ಎರಡು ತುಂಡುಗಳೂ ಕೆಲವು ದಿನ ತೇಲಿದವು. ಹಿಂಭಾಗ ಜೂನ್ ಕೊನೆಯಲ್ಲಿ, ಮುಂಭಾಗ ಬೆಂಕಿ ಹತ್ತಿ ಜುಲೈನಲ್ಲಿ ಮುಳುಗಿತು. ಮುಂಗಾರಿನ ಅಬ್ಬರ ಎಂದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದೇ ನಕ್ಷೆಯಂತೆ ಕಟ್ಟಿದ ಬೇರೆ ಹಡಗುಗಳನ್ನು ಪರೀಕ್ಷಿಸಿದಾಗ ಅವುಗಳ ತಳದ ತಗಡುಗಳಲ್ಲಿಯೂ ಡೊಂಕು ಕಾಣಿಸಿತು. ಮುಂಗಾರು ಒಂದು ಹಡಗನ್ನು ಮುರಿಯಬಹುದು, ಅದರ ಒಡಹುಟ್ಟಿದವರೆಲ್ಲರ ತಳವನ್ನು ಬಗ್ಗಿಸುವುದಿಲ್ಲ.

ಇನ್ನೊಂದು ದೋಷ ಕಾಗದದ್ದು. 2007ರ ಜನವರಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ‘ಎಂಎಸ್‌ಸಿ ನೇಪೋಲಿ’ಯ ಒಡಲು ಬಿರಿಯಿತು. ಅನಂತರ ಅದರ ಅಟ್ಟದ ಮೇಲಿದ್ದ 660 ಕಂಟೇನರುಗಳನ್ನು ತೂಗಿ ನೋಡಿದರೆ, 137ರ ತೂಕ ಕಾಗದದಲ್ಲಿ ಬರೆದುದಕ್ಕಿಂತ ಮೂರು ಟನ್ನಿಗೂ ಮಿಕ್ಕಿ ಬೇರೆಯಾಗಿತ್ತು. ಕಂಟೇನರನ್ನು ತೂಗಿಯೇ ಹಡಗಿಗೆ ಏರಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂದಿದ್ದು 2016ರಲ್ಲಿ. ನಮ್ಮ ಊರಿನ ಅಂಗಡಿಯಲ್ಲಿ ಬೆಲ್ಲವನ್ನು ತೂಗದೆ ಕೊಡುವುದಿಲ್ಲ. ಹಡಗಿಗೆ ಆ ಭಾಗ್ಯ ಇಷ್ಟು ತಡವಾಗಿ ಬಂತು.

ಸತ್ತವರ ಮೇಲೆ ತಪ್ಪು ಹೊರಿಸುವ ವಿಷಯಕ್ಕೆ ಬರುತ್ತೇನೆ. ನನ್ನನ್ನು ಹೆಚ್ಚು ಕಾಡಿದ ಕಥೆ ಇದು. 1980ರ ಸೆಪ್ಟೆಂಬರಿನಲ್ಲಿ ‘ಡರ್ಬಿಷೈರ್’ ಎಂಬ ಬ್ರಿಟಿಷ್ ಹಡಗು ಕೆನಡಾದಿಂದ ಜಪಾನಿಗೆ ಸುಮಾರು 1,57,000 ಟನ್ ಕಬ್ಬಿಣದ ಅದಿರನ್ನು ಹೊತ್ತು ಹೋಗುತ್ತಿತ್ತು. ಓಕಿನಾವಾದ ಆಚೆ ಆರ್ಕಿಡ್ ಎಂಬ ತೂಫಾನಿಗೆ ಸಿಕ್ಕಿ ಕಣ್ಮರೆಯಾಯಿತು. ‘ಕಾಪಾಡಿ’ ಎಂಬ ಒಂದು ಕರೆಯೂ ಬರಲಿಲ್ಲ. 42 ಸಿಬ್ಬಂದಿ ಮತ್ತು ಅವರಲ್ಲಿಬ್ಬರ ಪತ್ನಿಯರು, ಒಟ್ಟು 44 ಜನ ಹೋದರು. ಮೊದಲ ವಿಚಾರಣೆ ಪ್ರಕೃತಿಯ ಶಕ್ತಿಗೆ ಸಿಲುಕಿ ಮುಳುಗಿರಬೇಕು ಎಂದು ಹೇಳಿ ಮುಗಿಸಿತು. ಬಂಧುಗಳು ಒಪ್ಪಲಿಲ್ಲ. 1994ರಲ್ಲಿ, ನಾವಿಕರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಹಣದಿಂದ, ಸುಮಾರು ನಾಲ್ಕು ಕಿಲೋಮೀಟರ್ ಆಳದಲ್ಲಿ ಅದರ ಅವಶೇಷ ಪತ್ತೆಯಾಯಿತು. ಆಗ ಬಂದ ಹೊಸ ವರದಿ ಹೇಳಿದ್ದೇನು ಗೊತ್ತೇ? ಮುಂಭಾಗದ ಉಗ್ರಾಣದ ಮುಚ್ಚಳವನ್ನು ಸಿಬ್ಬಂದಿ ಭದ್ರವಾಗಿ ಮುಚ್ಚಿರಲಿಲ್ಲ ಎಂದು! ಹದಿನೆಂಟು ವರ್ಷ ಕಾದ ತಾಯಂದಿರಿಗೆ ಸಿಕ್ಕಿದ್ದು ಈ ಮಾತು.

2000ದಲ್ಲಿ ಮತ್ತೆ ವಿಚಾರಣೆ ನಡೆದಾಗ ಸತ್ಯ ಹೊರಬಂತು. ಅಲೆಗಳು ಮುಂಭಾಗದ ಗಾಳಿಕೊಳವೆಗಳನ್ನು ಕಿತ್ತುಹಾಕಿದ್ದವು, ಅಲ್ಲಿಂದ ನೀರು ಒಳಗಿಳಿಯಿತು. ಮೂತಿ ತಗ್ಗಿದಂತೆ ಅಲೆಗಳು ನೇರವಾಗಿ ಮೊದಲ ಸರಕುಕೋಣೆಯ ಮುಚ್ಚಳದ ಮೇಲೆ ಬಿದ್ದವು. ಆ ಕಾಲದ ನಿಯಮ ಕೇಳಿದಷ್ಟು ಗಟ್ಟಿ ಅದಕ್ಕಿತ್ತು, ಆದರೆ ಕಡಲು ಕೇಳಿದಷ್ಟಲ್ಲ. ಒಂದು ಮುಚ್ಚಳ ಕುಸಿಯಿತು, ಅದರ ಹಿಂದೆ ಇನ್ನೊಂದು. ಹಡಗಿನ ಒಡಲೇ ಬಿರುಕುಬಿಟ್ಟಿತೆಂದು ಬಂಧುಗಳು ಬಹಳ ಕಾಲ ನಂಬಿದ್ದರು, ಅದು ನಿಜವಾಗಲಿಲ್ಲ. ಆದರೆ ಸಿಬ್ಬಂದಿ ನಿರ್ದೋಷಿಗಳು ಎಂಬ ಅವರ ಹಟ ನಿಜವಾಯಿತು. ಇಪ್ಪತ್ತು ವರ್ಷ ಬೇಕಾಯಿತು. ಪರೀಕ್ಷೆಯಲ್ಲಿ ಮಗು ತಪ್ಪಿದರೆ ‘ದಡ್ಡ’ ಎಂದು ಬರೆದು ಕೈಬಿಡುವ ಮೇಷ್ಟರುಗಳನ್ನು ಕಂಡಿದ್ದೇನೆ. ನಾನೂ ಕೆಲವು ಸಲ ಹಾಗೆ ಮಾಡಿದ್ದೇನೆ.

ಇನ್ನು ನಮ್ಮ ಮನೆಬಾಗಿಲಿನ ಮಾತು. ಬಳ್ಳಾರಿ-ಹೊಸಪೇಟೆಯ ಅದಿರು ಲಾರಿ ಲಾರಿಯಾಗಿ ಘಟ್ಟವಿಳಿದು ಬಂದ ದಿನಗಳು ನೆನಪಿವೆಯೇ? ರಸ್ತೆಗಳು ಹಾಳಾದವೆಂದು ಎಲ್ಲರೂ ಕೂಗಿದೆವು. ಬಂದರಿನ ಆಚೆ ಏನಾಯಿತೆಂದು ಕೇಳಿದವರು ಕಡಿಮೆ. 2009ರ ಜುಲೈನಲ್ಲಿ, ಮಳೆಗಾಲದ ನಡುವೆ, ಅದಿರಿನ ಪುಡಿ ತುಂಬಿಕೊಂಡು ನವಮಂಗಳೂರು ಬಂದರಿನಿಂದ ಹೊರಟ ‘ಏಷ್ಯನ್ ಫಾರೆಸ್ಟ್’ ಹೆಚ್ಚು ದೂರ ಹೋಗುವ ಮೊದಲೇ ಒಂದು ಮಗ್ಗುಲಿಗೆ ವಾಲಿ ಮುಳುಗಿತು. ನಾವಿಕರನ್ನು ನಮ್ಮ ಕರಾವಳಿ ರಕ್ಷಣಾ ಪಡೆ ಉಳಿಸಿತು. ಎರಡು ತಿಂಗಳಲ್ಲಿ ಪಾರಾದೀಪದ ಬಳಿ ‘ಬ್ಲ್ಯಾಕ್ ರೋಸ್’ ಮುಳುಗಿತು, ಅದರಲ್ಲಿಯೂ ಅದಿರಿನ ಪುಡಿಯೇ.

ಇಲ್ಲಿ ಉಕ್ಕು ಮುರಿಯಲಿಲ್ಲ, ತೂತು ಬೀಳಲಿಲ್ಲ. ತಾರಸಿ ಹಾಕುವಾಗ ಕಾಂಕ್ರೀಟಿಗೆ ವೈಬ್ರೇಟರ್ ಇಡುವುದನ್ನು ನೋಡಿದ್ದೀರಿ. ಗುಡ್ಡೆಯಾಗಿ ಕೂತಿದ್ದುದು ಕ್ಷಣದಲ್ಲಿ ಅಂಬಲಿಯಂತೆ ಹರಿಯುತ್ತದೆ. ಒದ್ದೆ ಅದಿರಿನ ಪುಡಿಗೂ ಹಾಗೆಯೇ. ಎಂಜಿನ್ನಿನ ನಡುಕ, ಅಲೆಯ ತೊನೆತ ಸೇರಿ ಕಣಗಳನ್ನು ಒತ್ತೊತ್ತಾಗಿ ಕೂರಿಸುತ್ತವೆ, ನಡುವಿನ ನೀರಿಗೆ ಜಾಗವಿಲ್ಲದೆ ಒತ್ತಡ ಏರುತ್ತದೆ, ಕಣಗಳ ಹಿಡಿತ ಬಿಟ್ಟುಹೋಗುತ್ತದೆ. ಹಡಗು ಎಡಕ್ಕೆ ವಾಲಿದರೆ ಸರಕು ಎಡಕ್ಕೆ ಹರಿಯುತ್ತದೆ, ಹಡಗು ಮರಳುವಾಗ ಅದು ಪೂರ್ತಿ ಮರಳುವುದಿಲ್ಲ. ಮುಂದಿನದು ಕೆಲವೇ ನಿಮಿಷಗಳ ಮಾತು. 2010ರ ಅಕ್ಟೋಬರಿನಿಂದ ಡಿಸೆಂಬರಿನೊಳಗೆ ನಿಕಲ್ ಅದಿರು ಹೊತ್ತ ಮೂರು ಹಡಗುಗಳು ಮುಳುಗಿ 44 ನಾವಿಕರು ಸತ್ತರು. 2015ರ ಜನವರಿಯಲ್ಲಿ ಮಲೇಷ್ಯಾದ ಬಾಕ್ಸೈಟ್ ತುಂಬಿದ್ದ ‘ಬಲ್ಕ್ ಜುಪಿಟರ್’ನ 19 ಮಂದಿಯಲ್ಲಿ ಉಳಿದವನು ಒಬ್ಬ.

ಇಂಥ ಸರಕಿನಲ್ಲಿ ಎಷ್ಟು ತೇವವಿರಬಹುದು ಎಂಬುದಕ್ಕೆ ಮಿತಿ ಇದೆ. ತೇವದ ಪ್ರಮಾಣಪತ್ರ ಕೊಡಬೇಕಾದವನು ಸರಕು ಕಳುಹಿಸುವವನು. ಬಯಲಿನಲ್ಲಿ ಮಳೆಗೆ ನೆನೆಯುತ್ತಿರುವ ರಾಶಿ, ಕಾಗದದ ಮೇಲೆ ಒಣಗಿದ ಅಂಕಿ! ನಾವಿಕನು ಅದನ್ನು ನಂಬದಿದ್ದರೆ ಹಡಗು ಬಂದರಿನಲ್ಲಿ ನಿಂತ ಒಂದೊಂದು ದಿನಕ್ಕೂ ಹಣ ತೆರಬೇಕು, ಮಾಲೀಕರ ಮುನಿಸನ್ನು ಎದುರಿಸಬೇಕು. ನಂಬಿದರೆ ಏನಾಗುತ್ತದೆಂದು ಮೇಲೆ ಹೇಳಿದ್ದೇನೆ. ಆದ್ದರಿಂದಲೇ ತೇವವನ್ನು ಅಳೆಯುವ ಅಧಿಕಾರ ಅದಿರು ಮಾರುವವನ ಕೈಯಲ್ಲಿ ಇರಬಾರದು, ಅವನ ಲಾಭಕ್ಕೆ ಸಂಬಂಧವಿಲ್ಲದವರ ಕೈಯಲ್ಲಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅನುಮಾನ ಬಂದ ನಾವಿಕನಿಗೆ ನಿಯಮಪುಸ್ತಕ ಒಂದು ಸರಳ ಪರೀಕ್ಷೆಯನ್ನು ಹೇಳಿಕೊಟ್ಟಿದೆ. ಅರ್ಧ ಲೀಟರಿನಿಂದ ಒಂದು ಲೀಟರು ಹಿಡಿಯುವ ಡಬ್ಬಿಯಲ್ಲಿ ಅರ್ಧದಷ್ಟು ಸರಕು ತುಂಬಿ, ಗೇಣೆತ್ತರದಿಂದ ಗಟ್ಟಿ ಮೇಜಿನ ಮೇಲೆ ಇಪ್ಪತ್ತೈದು ಸಲ ಕುಟ್ಟಬೇಕು. ಮೇಲೆ ನೀರು ಕಂಡರೆ, ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷೆಯಾಗುವವರೆಗೆ ಅದನ್ನು ತುಂಬಕೂಡದು. ಕಾಣದಿದ್ದರೂ ಸರಕು ಸುರಕ್ಷಿತ ಎಂದೇನೂ ಅಲ್ಲ, ಅದನ್ನೂ ನೆನಪಿಡಬೇಕು. ಮೊನ್ನೆ ಹಿತ್ತಿಲಿನಲ್ಲಿ ಉಳಿದಿದ್ದ ಒದ್ದೆ ಮರಳನ್ನು ಹಳೆಯ ಹಾರ್ಲಿಕ್ಸ್ ಡಬ್ಬಿಗೆ ತುಂಬಿ ಒಗೆಯುವ ಕಲ್ಲಿನ ಮೇಲೆ ಕುಟ್ಟಿದೆ. ಕೈಗೆ ಉದುರುದುರಾಗಿಯೇ ಸಿಕ್ಕಿದ್ದ ಮರಳು. ಹನ್ನೆರಡನೆಯ ಏಟಿಗೇ ಮೇಲೆ ನೀರು ಮಿನುಗಿತು.