ನೆರೆಯವನ ಹೊಲ

ಎಳ್ಳಮಾವಾಸ್ಯೆಯ ದಿನ ಯಾದಗಿರಿ, ಶಹಾಪುರ, ಸುರಪುರದ ಕಡೆಯ ಹಳ್ಳಿಗಳಲ್ಲಿ ಮನೆಮನೆಗೂ ಬೀಗ ಬೀಳುತ್ತದೆ. ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿಪಲ್ಯ, ಶೇಂಗಾಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಸಂಸಾರಕ್ಕೆ ಸಂಸಾರವೇ ಹೊಲಕ್ಕೆ ನಡೆಯುತ್ತದೆ. ಭೂತಾಯಿಗೆ ಚರಗ ಚೆಲ್ಲಿ, ಉಂಡು, ಎಲೆಯಡಿಕೆ ಹಾಕಿಕೊಂಡ ಮೇಲೆ ಗಂಡಸರು ಮೆಲ್ಲಗೆ ಎದ್ದು ಬದುವಿನ ಮೇಲೆ ಒಂದು ಸುತ್ತು ಹೋಗಿಬರುತ್ತಾರೆ. ನೆಪವೇನೋ ಉಂಡದ್ದು ಕರಗಲಿ ಎಂದು. ಉದ್ದೇಶ ಮಾತ್ರ ನೆರೆಯವನ ಹೊಲವನ್ನು ನೋಡುವುದು. ಯಾರ ತೊಗರಿ ಎಷ್ಟು ಕಾಯಿ ಹಿಡಿದಿದೆ, ಯಾರ ಜೋಳದಲ್ಲಿ ಕಸ ಉಳಿದಿದೆ, ಯಾರ ಒಡ್ಡು ಒಡೆದಿದೆ ಎಂಬುದಕ್ಕೆಲ್ಲ ಅಂದೇ ಅಂಕಗಳು ಬೀಳುತ್ತವೆ. ಸರಕಾರದ ಯಾವ ಸಮೀಕ್ಷೆಯೂ ಇಷ್ಟು ನಿಷ್ಠುರವಾಗಿ ನಡೆಯಲಾರದು.

ನಗರದ ಮನೆಗಳಲ್ಲಿ ಸಾರಿಗೆ ಬೇಯುವ ತೊಗರಿಬೇಳೆಯ ಒಂದು ಪಾಲು ಬರುವುದು ಈ ಎರೆಹೊಲಗಳಿಂದಲೇ. ಆದರೆ ಈ ಹೊಲಗಳ ಮೇಲಿನ ಆಕಾಶ ಈಚೆಗೆ ನಂಬುವಂತಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ದಂಡೆ ಮೀರಿದಳು. 2020ರ ಅಕ್ಟೋಬರಿನಲ್ಲಿ ಭೀಮೆ ನಿಂತ ಬೆಳೆಯನ್ನು ನುಂಗಿದಳು. 2023ರಲ್ಲಿ ಮಳೆಯೇ ಮುಖ ತಿರುಗಿಸಿತು. ಇಂತಹ ಏರುಪೇರುಗಳನ್ನು ತಾಳಬಲ್ಲ ಬೇಸಾಯಕ್ರಮಗಳು ಇಲ್ಲವೆಂದಲ್ಲ. ಹೇಳಿಕೊಡುವವರೂ ದೂರದಲ್ಲಿಲ್ಲ. ರಾಯಚೂರಿನಲ್ಲಿ 2008ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯ, ಶಹಾಪುರದ ಬಳಿಯ ಭೀಮರಾಯನಗುಡಿಯಲ್ಲಿ ಅದರ ಕಾಲೇಜು, ಸುರಪುರದ ಬಳಿಯ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇವೆ. ಅಲ್ಲಿ ಹೇಳಿದ್ದನ್ನು ಸಣ್ಣ ರೈತ ಕೇಳುತ್ತಾನೆ, ತಲೆಯಾಡಿಸುತ್ತಾನೆ, ಮನೆಗೆ ಬಂದು ಬಹುಮಟ್ಟಿಗೆ ಹಳೆಯ ಕ್ರಮದಲ್ಲೇ ಬಿತ್ತುತ್ತಾನೆ.

ಇದನ್ನು ಕಂಡ ಪಟ್ಟಣಿಗರು ‘ಅಜ್ಞಾನ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದುಂಟು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 52ರಷ್ಟಿದ್ದು, ರಾಜ್ಯದಲ್ಲಿಯೇ ಅತಿ ಕಡಿಮೆಯಾಗಿದ್ದದ್ದು ಆ ತೀರ್ಪಿಗೆ ಅನುಕೂಲವಾಗಿಯೂ ಒದಗುತ್ತದೆ. ಆದರೆ ಓದು ಬಾರದವನಿಗೆ ಲೆಕ್ಕವೂ ಬಾರದೆಂದು ಹೇಳಿದವರಾರು? ಅವನ ಲೆಕ್ಕವನ್ನು ಒಮ್ಮೆ ಅವನ ಮಗ್ಗುಲಲ್ಲಿ ಕುಳಿತು ಮಾಡಿ ನೋಡಬೇಕು.

ಬತ್ತದ ಮಾತನ್ನೇ ತೆಗೆದುಕೊಳ್ಳಬಹುದು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಮುಂದೆ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹರಿದು ಸುರಪುರ, ಶಹಾಪುರಗಳ ಬಯಲು ಹಸಿರಾಯಿತು. ಆ ನೀರನ್ನು ಅಳೆದದ್ದು ಕಡಿಮೆ ನೀರು ಬೇಡುವ ಬೆಳೆಗಳಿಗಾಗಿ. ಜನ ಬೆಳೆದದ್ದು ಬತ್ತ. ಕಾಲುವೆಯ ತಲೆಯಲ್ಲಿರುವವನ ಗದ್ದೆಯಲ್ಲಿ ನೀರು ಮೊಣಕಾಲಿಗೆ ಬಂದರೆ, ಬಾಲದಲ್ಲಿರುವವನ ಕಾಲುವೆಯಲ್ಲಿ ದನ ಮಲಗುತ್ತದೆ. ನಿಂತ ನೀರಿನಡಿಯ ಕೆಸರಿನಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ, ಅದು ಭೂಮಿಯ ಬಿಸಿಯನ್ನು ಹೆಚ್ಚಿಸುತ್ತದೆ ಎಂಬುದು ಇನ್ನೊಂದು ಸಂಗತಿ. ಇವೆರಡಕ್ಕೂ ಪರಿಹಾರವೆಂದು ಪಂಡಿತರು ಹೇಳುವುದು ಕೂರಿಗೆ ಬತ್ತ. ಸಸಿಮಡಿಯಿಲ್ಲ, ಕೆಸರು ತುಳಿಯುವುದಿಲ್ಲ, ನಾಟಿಯಿಲ್ಲ. ಒಣನೆಲದಲ್ಲಿ ಜೋಳದಂತೆ ಸಾಲಿಗೆ ಬಿತ್ತುವುದು. ನೀರು ಉಳಿಯುತ್ತದೆ, ಖರ್ಚು ತಗ್ಗುತ್ತದೆ, ಕಾಲುವೆಗೆ ನೀರು ಬಿಡುವ ದಿನವನ್ನು ಕಾಯಬೇಕಾಗಿಲ್ಲ.

ತಗ್ಗುವ ಆ ಖರ್ಚು ಯಾವುದು? ಮುಖ್ಯವಾಗಿ ನಾಟಿಯ ಕೂಲಿ. ಆ ಕೂಲಿ ಯಾರ ಕೈಗೆ ಹೋಗುತ್ತಿತ್ತು? ಹೆಂಗಸರ ಗುಂಪಿಗೆ, ಆ ಗುಂಪಿನಲ್ಲಿ ಎರಡೆಕರೆಯ ಈ ರೈತನ ಹೆಂಡತಿಯೂ ಇದ್ದಾಳೆ, ತಂಗಿಯೂ ಇದ್ದಾಳೆ. ಇಪ್ಪತ್ತೆಕರೆಯ ಸಾವುಕಾರನಿಗೆ ಕೂರಿಗೆ ಬತ್ತ ಶುದ್ಧ ಉಳಿತಾಯ. ಎರಡೆಕರೆಯವನ ಮನೆಗೆ ಅದು ಒಂದು ಕಿಸೆಯಿಂದ ತೆಗೆದು ಇನ್ನೊಂದು ಕಿಸೆಗೆ ಹಾಕಿದಂತೆ, ಅದೂ ಎರಡನೆಯ ಕಿಸೆ ತೂತಾಗಿರುವಾಗ. ಊರೆಲ್ಲ ಕೂರಿಗೆ ಹಿಡಿದರೆ ಆ ಹೆಂಗಸರ ಸುಗ್ಗಿಯ ದಿನಗಳು ಹೋದವು. ಗುಳೆಯ ಲಾರಿಯನ್ನು ಒಂದು ತಿಂಗಳು ಮೊದಲೇ ಹತ್ತಬೇಕಾದೀತು. ಇದು ಯಾವ ಕರಪತ್ರದ ಲಾಭನಷ್ಟದ ಪಟ್ಟಿಯಲ್ಲಿ ಬರುತ್ತದೆ?

ಕೂರಿಗೆ ಬತ್ತದ ಹೊಲ ಮೊದಲ ತಿಂಗಳು ನೋಡಲು ಚೆಂದವಿಲ್ಲವೆಂಬುದೂ ಸಣ್ಣ ಮಾತಲ್ಲ. ನಾಟಿಯ ಗದ್ದೆ ಕಣ್ಣು ತಂಪಾಗುವಂತೆ ಹಸಿರಾಗಿರುವಾಗ, ಇದು ವಿರಳವಾಗಿ, ಕಸ ತುಂಬಿ, ಪೈರಾವುದು ಕಳೆಯಾವುದು ಎಂದು ತಿಳಿಯದಂತಿರುತ್ತದೆ. ನಿಂತ ನೀರು ಅದುಮುತ್ತಿದ್ದ ಕಳೆಯೆಲ್ಲ ಒಣನೆಲದಲ್ಲಿ ಧೈರ್ಯವಾಗಿ ತಲೆಯೆತ್ತುತ್ತದೆ; ಸಮಯಕ್ಕೆ ಔಷಧ ಹೊಡೆಯದಿದ್ದರೆ ಬೆಳೆ ಹೋದಂತೆಯೇ. ಬಸ್ಸಿನಲ್ಲಿ ಹೋಗುವವರೆಲ್ಲ ಕಿಟಕಿಯಿಂದ ಇಣಿಕಿ ನೋಡುತ್ತಾರೆ, ಸಂಜೆ ಕಟ್ಟೆಯ ಮೇಲೆ ಮಾತು ಏಳುತ್ತದೆ. ದೊಡ್ಡ ರೈತನ ಬೆಳೆ ಕೆಟ್ಟರೆ ಅದಕ್ಕೆ ‘ಪ್ರಯೋಗ’ವೆಂದು ಹೆಸರು, ಸಣ್ಣವನದು ಕೆಟ್ಟರೆ ‘ಬುದ್ಧಿಗೇಡಿತನ’. ಮುಂದಿನ ವರ್ಷ ಅಡತಿ ಅಂಗಡಿಯವನು ಉದ್ದರಿ ಕೊಡುವಾಗ ಈ ಎರಡನೆಯ ಹೆಸರನ್ನು ಮರೆಯುವುದಿಲ್ಲ. ಹಳ್ಳಿಯಲ್ಲಿ ಮಾನವೆಂಬುದು ಬರಿಯ ಭಾವನೆಯಲ್ಲ, ಸಾಲಕ್ಕೆ ಅದೇ ಜಾಮೀನು.

ಇನ್ನು ಭೂಮಿ ಯಾರದು ಎಂಬ ಪ್ರಶ್ನೆ. 1961ರ ಭೂಸುಧಾರಣಾ ಕಾನೂನಿಗೆ 1974ರಲ್ಲಿ ಆದ ತಿದ್ದುಪಡಿ ಕರ್ನಾಟಕದಲ್ಲಿ ಗೇಣಿಯನ್ನು ಹೆಚ್ಚುಕಡಿಮೆ ನಿಷೇಧಿಸಿತು; ಉಳುವವನೇ ಒಡೆಯನಾಗಲೆಂಬ ಆ ಕಾನೂನಿನ ಪುಣ್ಯ ದೊಡ್ಡದು. ಆದರೆ ಲಾವಣಿ ನಿಂತಿಲ್ಲ, ಬಾಯಿಮಾತಿಗೆ ಇಳಿದಿದೆ, ಅಷ್ಟೆ. ಬಾಯಿಮಾತಿನ ಲಾವಣಿಯ ಆಯುಸ್ಸು ಒಂದು ವರ್ಷ. ಹಸಿರೆಲೆಗೊಬ್ಬರ ಹಾಕಿ, ಒಡ್ಡು ಕಟ್ಟಿ ಮೂರು ವರ್ಷಕ್ಕೆ ನೆಲವನ್ನು ಹದಕ್ಕೆ ತಂದವನು ನಾಲ್ಕನೆಯ ವರ್ಷ ಅದೇ ಹೊಲವನ್ನು ಇನ್ನೊಬ್ಬನು ಹೆಚ್ಚಿನ ಲಾವಣಿಗೆ ಹಿಡಿಯುವುದನ್ನು ನೋಡಬೇಕಾಗುತ್ತದೆ. ನೆಲ ಸುಧಾರಿಸಿದ್ದೇ ಅವನು ಮಾಡಿದ ತಪ್ಪಾಯಿತು! ಸ್ವಂತದ ಭೂಮಿಯಿದ್ದವರ ಪಾಡೂ ನಿಶ್ಚಿಂತೆಯದೇನಲ್ಲ. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ. ಗಂಡ ಬೆಂಗಳೂರಿನಲ್ಲೋ ಪುಣೆಯಲ್ಲೋ ಇಟ್ಟಿಗೆ ಹೊರುತ್ತಿದ್ದಾನೆ. ಹೊಲ ನೋಡಿಕೊಳ್ಳುವವಳು ಹೆಂಡತಿ. ಅವಳು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ನಿಂತರೆ ಮೊದಲು ಕೇಳುವುದು ಪಹಣಿಯನ್ನು. ಸಹಾಯಧನ ಸತ್ತವರ ಹೆಸರಿಗೆ ಬರುವುದಿಲ್ಲ, ಬದುಕಿರುವವಳ ಹೆಸರು ಕಾಗದದಲ್ಲಿಲ್ಲ.

ಮಳೆಯನ್ನೇ ನಂಬಿದ ತೊಗರಿಯ ಹೊಲಗಳಲ್ಲಿ ತೊಡಕು ಬೇರೆ ಬಗೆಯದು. ಇಳಿಜಾರಿಗೆ ಅಡ್ಡವಾಗಿ ಬಿತ್ತಿದರೆ ಸಾಲುಗಳೇ ಮಳೆನೀರನ್ನು ತಡೆದು ಇಂಗಿಸುತ್ತವೆ; ಮಳೆ ಕೈಕೊಟ್ಟ ವರ್ಷ ಅದೇ ತೇವ ಬೆಳೆಯನ್ನು ಕಾಯುತ್ತದೆ. ಇದಕ್ಕೆ ಬಿಡಿಕಾಸಿನ ಖರ್ಚೂ ಇಲ್ಲ. ಆದರೆ ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಳ್ಳುವಾಗ ಮೇಲಿನ ತೆಳುಮಣ್ಣೂ ಕೆಳಗಿನ ಗಟ್ಟಿಮಣ್ಣೂ ಎಲ್ಲರಿಗೂ ಸಮನಾಗಿ ಬರಲೆಂದು ಹೊಲವನ್ನು ಇಳಿಜಾರಿನ ಉದ್ದಕ್ಕೆ ಪಟ್ಟಿಪಟ್ಟಿಯಾಗಿ ಸೀಳುತ್ತಾರೆ. ನ್ಯಾಯವೇನೋ ಸರಿಯೇ. ಆ ಕಿರಿದಾದ ಪಟ್ಟಿಯಲ್ಲಿ ಅಡ್ಡ ಬಿತ್ತಬೇಕಾದರೆ ನಾಲ್ಕು ಮಾರಿಗೊಮ್ಮೆ ಎತ್ತು ತಿರುಗಬೇಕು. ಅಣ್ಣತಮ್ಮಂದಿರೆಲ್ಲ ಕೂಡಿ ಒಂದೇ ಹೊಲವೆಂಬಂತೆ ಬಿತ್ತಿದರೆ ಕೆಲಸ ಸುಲಭ. ಆದರೆ ಮಾತು ಬಿಟ್ಟು ಹತ್ತು ವರ್ಷವಾದವರು ಕೂರಿಗೆ ಕೂಡಿಸುವುದುಂಟೆ? 2014ರಲ್ಲಿ ಆರಂಭವಾದ ಕೃಷಿಭಾಗ್ಯದ ಹೊಂಡಗಳಿಗೂ ಇದೇ ಎಡರು. ಹೊಂಡ ಯಾರ ಪಾಲಿನಲ್ಲಿ ತೋಡಬೇಕು, ನೆಲ ಕಳೆದುಕೊಳ್ಳುವವನು ಯಾರು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಮಣ್ಣಿನ ತೇವಕ್ಕೂ ಮನೆತನದ ಜಗಳಕ್ಕೂ ಸಂಬಂಧವಿದೆಯೆಂದು ಯಾವ ಮಣ್ಣುಪರೀಕ್ಷೆಯ ಚೀಟಿಯೂ ಹೇಳುವುದಿಲ್ಲ.

ಈ ಹಿಂಜರಿಕೆ ನಮ್ಮ ರೈತರಿಗೆ ಮಾತ್ರ ಮೀಸಲೆಂದು ವಾಚಕರು ತಿಳಿಯಬೇಕಾಗಿಲ್ಲ. ಅಮೆರಿಕದ ಅಯೋವಾ ಪ್ರಾಂತದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹಬ್ಬಿದ ಬಗೆಯನ್ನು ರಯನ್ ಮತ್ತು ಗ್ರಾಸ್ ಎಂಬ ಇಬ್ಬರು 259 ರೈತರನ್ನು ವಿಚಾರಿಸಿ 1943ರಲ್ಲಿ ಪ್ರಕಟಿಸಿದರು. ಬೀಜದ ಸುದ್ದಿ ಹೆಚ್ಚಿನವರಿಗೆ ಮೊದಲು ತಿಳಿದದ್ದು ಮಾರಾಟಗಾರರಿಂದ. ನಂಬಿಕೆ ಹುಟ್ಟಿದ್ದು ನೆರೆಯವನ ಹೊಲದಿಂದ. ಅವರೆಲ್ಲ ಓದುಬಲ್ಲವರು, ಪತ್ರಿಕೆ ತರಿಸುವವರು. ಮುಂದೆ ಈ ವಿಷಯದಲ್ಲೇ 1962ರಲ್ಲಿ ಪ್ರಸಿದ್ಧ ಗ್ರಂಥ ಬರೆದ ಎವರೆಟ್ ರೋಜರ್ಸ್ ಅಯೋವಾದ ಒಕ್ಕಲಮಗನೇ. ಅವನ ತಂದೆಗೆ ಹೊಸ ಯಂತ್ರಗಳೆಂದರೆ ಪ್ರೀತಿ, ಹೊಸ ಬೀಜವೆಂದರೆ ಅನುಮಾನ. 1936ರ ಬರಗಾಲದಲ್ಲಿ ತನ್ನ ಜೋಳ ಬಾಡಿ ನಿಂತು, ಪಕ್ಕದ ಹೊಲದ ಹೈಬ್ರಿಡ್ ಜೋಳ ಎದ್ದು ನಿಂತದ್ದನ್ನು ಕಂಡ ಮೇಲೆಯೇ ಆತನ ಮನಸ್ಸು ತಿರುಗಿತು.

ಪಕ್ಕದ ಹೊಲವೆಂದರೆ ಯಾರ ಹೊಲ ಎಂಬುದೇ ಇಲ್ಲಿ ಮುಖ್ಯ. ಆಂಧ್ರದಿಂದ ಬಂದು ಕಾಲುವೆಯ ಬಳಿ ನೆಲೆಸಿದ ಕ್ಯಾಂಪಿನವರು ಕೂರಿಗೆ ಬತ್ತ ಬೆಳೆದರೆ, ಹಣವುಳ್ಳವರು, ಅವರಿಗೆ ನಡೆದೀತು ಎಂದು ಊರಿನವನು ದಾಟಿಹೋಗುತ್ತಾನೆ. ಸಾವುಕಾರನ ಹೊಲದಲ್ಲಿ ಬೆಳೆದರೂ ಅದೇ ಮಾತು. ತನ್ನಷ್ಟೇ ನೆಲ, ತನ್ನಷ್ಟೇ ಸಾಲ, ತನ್ನಂತೆಯೇ ಕಾಲುವೆಯ ಬಾಲ ಇರುವವನ ಹೊಲದಲ್ಲಿ ಬೆಳೆದರೆ ಮಾತ್ರ ಅವನ ಕಾಲು ಬದುವಿನ ಮೇಲೆ ನಿಲ್ಲುತ್ತದೆ. ಪ್ರಾತ್ಯಕ್ಷಿಕೆಯ ಫಲಕವೋ ಬಹುಶಃ ಹೆದ್ದಾರಿಯ ಮಗ್ಗುಲಿಗೆ, ಜೀಪು ಹೋಗುವ ಕಡೆಗೆ, ‘ಪ್ರಗತಿಪರ ರೈತ’ರ ಹೊಲದಲ್ಲಿ ಏಳುತ್ತದೆ.

ಸಣ್ಣ ರೈತನಿಗೆ ಬೇಕಾದದ್ದು ಇದಕ್ಕೆ ವಿರುದ್ಧವಾದುದು. ಹೊಸದೊಂದನ್ನು ಮಾಡಿ ನೋಡುವ ಮನಸ್ಸಾದರೆ ಅವನು ಆರಿಸಿಕೊಳ್ಳುವುದು ದಾರಿಗೆ ಕಾಣದ ಹಿಂದಿನ ಅರ್ಧ ಎಕರೆಯನ್ನು. ಅಲ್ಲಿ ಬೆಳೆ ಕೆಟ್ಟರೆ ಅವನಿಗೂ ಹೆಂಡತಿಗೂ ಎತ್ತುಗಳಿಗೂ ಮಾತ್ರ ಗೊತ್ತು. ಕೈಹತ್ತಿತೋ, ಎಳ್ಳಮಾವಾಸ್ಯೆಯ ಊಟವಾದ ಮೇಲೆ ನೆಂಟರನ್ನು ಆ ಮೂಲೆಯ ಕಡೆಗೆ ಅವನೇ ಕರೆದೊಯ್ಯುತ್ತಾನೆ.